ಬರದ ವರ್ಷದಲ್ಲಿ ಶಾಲೆಯ ಕೈತೋಟ

ನಮ್ಮ ಸೀಮೆಯಲ್ಲಿ ಧರ್ಮಸಭೆಯು ಮಕ್ಕಳ ಕೈಗೆ ಗುದ್ದಲಿಯನ್ನಿತ್ತದ್ದು ಬರದ ದೆಸೆಯಿಂದ. 1876-78ರ ಬರವನ್ನು ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದೇ ಕರೆಯುತ್ತಿದ್ದರು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಪ್ಯಾರಿಸ್ ಮಿಷನ್ನಿನ ಗುರುಗಳು ಸಾಕಿ, ಬೇಸಾಯದ ನೆಲದಲ್ಲಿ ನೆಲೆಗೊಳಿಸಿದರು. ಹೆಸರಘಟ್ಟದ ಸಮೀಪದ ಸಿಲುವೆಪುರವು ಹೀಗೆ ಬೆಳೆದ ಊರು. ಅದರ ಹೆಸರಿನಲ್ಲೇ ಶಿಲುಬೆಯಿದೆ.

ಈ ಚರಿತ್ರೆಯು ನನಗೆ ಮತ್ತೆ ನೆನಪಾದದ್ದು 2023ರಲ್ಲಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆಗಸ್ಟ್ ತಿಂಗಳಿಡೀ ಆಕಾಶ ಬರಿದಾಗಿತ್ತು. ನಮ್ಮ ಶಾಲೆಯ ಕೈತೋಟದಲ್ಲಿ ಬದನೆ, ಟೊಮೇಟೊ ಸಸಿಗಳು ನಿಂತಲ್ಲೇ ಒಣಗಿದವು. ಕೊಳವೆಬಾವಿಯ ನೀರು ಕುಡಿಯುವುದಕ್ಕೇ ಸಾಲದಾಗಿ, ತೋಟವನ್ನು ಕೈಬಿಡಿರೆಂದು ನಾನೇ ಹೇಳಿದೆ. ಗುರುಗಳ ಮಾತನ್ನು ಮಕ್ಕಳು ಕೇಳಲಿಲ್ಲವೆಂಬುದನ್ನು ಇಲ್ಲಿ ಸಂತೋಷದಿಂದಲೇ ದಾಖಲಿಸುತ್ತಿದ್ದೇನೆ. ಬಿಸಿಯೂಟದ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ಹೊತ್ತು ಗಿಡಗಳ ಬುಡಕ್ಕೆ ಹೊಯ್ದರು. ತೇವ ಆರದಂತೆ ಹೊಂಗೆಯ ತರಗೆಲೆ ಹೊದಿಸಿದರು. ಬದನೆ ಉಳಿಯಲಿಲ್ಲ. ನುಗ್ಗೆಯೂ ಬೇಲಿಯಂಚಿನ ಅವರೆಯೂ ಉಳಿದವು. ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ಊಟದ ಸಾರಿಗೆ ಎರಡು ಮೊರ ಸೊಗಡವರೆ ಆ ತೋಟದಿಂದಲೇ ಬಂದಿತು.