ಕೋಸಂಬರಿ ಊಟವಾಗಬಲ್ಲದೇ? – ಗಾಂಧೀಜಿಯ ಒಂದು ಸೋಲಿನ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ ತಮ್ಮ ಮನೆಯ ಒಂದು ಚಿಂತೆಯನ್ನು ಹೇಳಿಕೊಂಡರು. ಅವರ ಮಗಳು ಪ್ರಾಣಿದಯೆಯ ಕಾರಣದಿಂದ ಹಾಲು, ಮೊಸರು, ತುಪ್ಪಗಳನ್ನು ಬಿಟ್ಟು ಒಂದು ವರ್ಷವಾಯಿತಂತೆ. ಇಂಥವರನ್ನು ಈಗ ವೀಗನ್ ಎನ್ನುತ್ತಾರೆ. ರಾತ್ರಿಯ ಊಟಕ್ಕೆ ಆಕೆ ಒಂದು ದೊಡ್ಡ ಬಟ್ಟಲಿನ ತುಂಬ ಸೌತೆಕಾಯಿ, ಟೊಮೆಟೊ, ಎಲೆಕೋಸುಗಳನ್ನು ಹೆಚ್ಚಿಕೊಂಡು ಸಲಾಡ್ ಎಂದು ತಿನ್ನುತ್ತಾಳೆ; ಹತ್ತು ಗಂಟೆಗೆ ಹಸಿವು ತಾಳಲಾರದೆ ಬಿಸ್ಕತ್ತಿನ ಡಬ್ಬಿ ಹುಡುಕುತ್ತಾಳೆ. ತಾಯಿಗೆ ಅಳು, ತಂದೆಗೆ ಸಿಟ್ಟು. "ಮೇಷ್ಟ್ರೇ, ಸೊಪ್ಪುಸದೆ ತಿಂದು ಮನುಷ್ಯ ಬದುಕುವುದುಂಟೇ? ನೀವಾದರೂ ಬುದ್ಧಿ ಹೇಳಿ" ಎಂದರು.

ನಾನು ಪಾಠ ಮಾಡಿದ್ದು ಚರಿತ್ರೆಯನ್ನು, ಆಹಾರಶಾಸ್ತ್ರವನ್ನಲ್ಲ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. ನಮ್ಮ ದೇಶದಲ್ಲಿ ಒಬ್ಬ ಮಹನೀಯರು ಇದೇ ಪ್ರಶ್ನೆಯನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ, ತೂಕದ ಲೆಕ್ಕವನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಸೋತು, ಸೋತೆನೆಂಬುದನ್ನೂ ಪ್ರಕಟಿಸಿದ್ದರು. ಅವರು ಮಹಾತ್ಮ ಗಾಂಧಿ. ಉಪ್ಪಿನ ಸತ್ಯಾಗ್ರಹದ ಪಾಠ ಮಾಡುವಾಗ ಈ ವಿಷಯ ಹೇಳಲು ನಮಗೆ ಪಠ್ಯಕ್ರಮದಲ್ಲಿ ಅವಕಾಶವಿರಲಿಲ್ಲ. ಈಗ ಬಿಡುವಿದೆ, ಹೇಳುತ್ತೇನೆ.

ಗಾಂಧೀಜಿಗೆ ಹಸಿ ಆಹಾರದ ಗೀಳು ಹತ್ತಿದ್ದು ತಾರುಣ್ಯದಲ್ಲಿಯೇ. ಲಂಡನ್ನಿನಲ್ಲಿ ಓದುತ್ತಿದ್ದಾಗ ಅಲ್ಲಿನ ಸಸ್ಯಾಹಾರಿಗಳ ಸಂಘಕ್ಕೆ ಸೇರಿದ್ದರು. ಬೇಯಿಸದ ಧಾನ್ಯ, ಕಾಳು, ಹಣ್ಣುಗಳಲ್ಲಿ ವಿಶೇಷ ಜೀವಶಕ್ತಿ ಇದೆ ಎಂಬ ವಾದ ಆ ವಲಯದಲ್ಲಿ ಪ್ರಚಲಿತವಾಗಿತ್ತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ ಪ್ರಿಟೋರಿಯಾದಲ್ಲಿದ್ದಾಗ, ಆಗಸ್ಟ್ ತಿಂಗಳಲ್ಲಿ, ನೆನೆಸಿದ ಗೋಧಿ, ಬಟಾಣಿ, ದ್ರಾಕ್ಷಿ, ಕಿತ್ತಳೆಗಳಂಥ ಬೇಯಿಸದ ವಸ್ತುಗಳ ಮೇಲೆಯೇ ಇರಲು ತೊಡಗಿದರು. ದಿನದಿನವೂ ತಿಂದದ್ದನ್ನೂ ದೇಹಸ್ಥಿತಿಯನ್ನೂ ಬರೆದಿಟ್ಟರು. ನಿಶ್ಶಕ್ತಿ ಹೆಚ್ಚಿತು, ಎರಡು ವಾರ ತುಂಬುವ ಮೊದಲೇ ಪ್ರಯೋಗ ನಿಂತಿತು. ಆ ದಿನಚರಿ 1894ರಲ್ಲಿ ಲಂಡನ್ನಿನ 'ದಿ ವೆಜಿಟೇರಿಯನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಯೋಗ ಮಾಡಿದಾಗ ಅವರಿಗೆ ಇಪ್ಪತ್ತಮೂರು ವರ್ಷ.

ಎರಡನೆಯ ಅಧ್ಯಾಯ ಹಾಲಿನದು. ಕಲ್ಕತ್ತೆಯಲ್ಲಿ ಹಾಲಿನ ಕೊನೆಯ ಹನಿಯನ್ನೂ ಹಿಂಡುವುದಕ್ಕಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿಷಯವನ್ನು ಓದಿ ಅವರ ಮನಸ್ಸು ನೊಂದಿತ್ತು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಮಿತ್ರ ಕ್ಯಾಲೆನ್‌ಬ್ಯಾಕ್ ಅವರೊಂದಿಗೆ ಹಾಲನ್ನು ತ್ಯಜಿಸಿದರು. ವೀಗನ್ ಎಂಬ ಶಬ್ದ ಹುಟ್ಟಲು ಇನ್ನೂ ಮೂವತ್ತೆರಡು ವರ್ಷಗಳಿದ್ದವು ಎಂಬುದನ್ನು ನೆನಪಿಡಿ. ಭಾರತಕ್ಕೆ ಬಂದ ಮೇಲೂ ವ್ರತ ಮುಂದುವರಿಯಿತು. 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಓಡಾಟದಲ್ಲಿದ್ದಾಗ ಅವರ ಮುಖ್ಯ ಆಹಾರ ಕಡಲೆಕಾಯಿಯ ಬೆಣ್ಣೆ ಮತ್ತು ನಿಂಬೆಹಣ್ಣು. ತೀವ್ರವಾದ ಆಮಶಂಕೆ ತಗಲಿ, ಸಾವಿನ ಅಂಚಿಗೆ ಹೋದರು. ಚೇತರಿಕೆಗೆ ಹಾಲು ಬೇಕೇ ಬೇಕೆಂದು ವೈದ್ಯರು ಹಟ ಹಿಡಿದಾಗ, ವ್ರತ ತೊಟ್ಟದ್ದು ಹಸು ಎಮ್ಮೆಗಳ ಹಾಲನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲವೇ, ಮೇಕೆಯ ಹಾಲಿಗೆ ಅಡ್ಡಿಯೇನು ಎಂದು ಕೇಳಿದವರು ಕಸ್ತೂರಬಾ. ಗಾಂಧೀಜಿ ಒಪ್ಪಿ ಬದುಕಿಕೊಂಡರು. ಆದರೆ ವ್ರತದ ಅಕ್ಷರವನ್ನು ಉಳಿಸಿಕೊಂಡು ಆತ್ಮವನ್ನು ಕೊಂದೆನೆಂಬ ಕೊರಗು ಅವರನ್ನು ಬಿಡಲಿಲ್ಲ. ಹಾಲಿಗೆ ಸಮನಾದ ಸಸ್ಯಜನ್ಯ ಆಹಾರವನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಆತ್ಮಕಥೆಯಲ್ಲಿ ಬಹಿರಂಗವಾಗಿ ಬೇಡಿಕೊಂಡರು. ಆ ಆತ್ಮಕಥೆ ಕಂತುಕಂತಾಗಿ ಪ್ರಕಟವಾಗುತ್ತಿದ್ದ ಕಾಲದಲ್ಲಿಯೇ, 1927ರ ಬೇಸಗೆಯಲ್ಲಿ, ರಕ್ತದೊತ್ತಡದಿಂದ ಬಳಲಿದ ಅವರು ವಿಶ್ರಾಂತಿಗೆಂದು ನಮ್ಮ ನಂದಿಬೆಟ್ಟಕ್ಕೆ ಬಂದು, ಬಳಿಕ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ತಂಗಿದ್ದರು.

ಮೂರನೆಯದೇ ನಮ್ಮ ಮುಖ್ಯ ಕಥೆ. 1929ರ ಮೇ ತಿಂಗಳಲ್ಲಿ, ಆಂಧ್ರದ ಪ್ರವಾಸದ ಪ್ರೇರಣೆಯಿಂದ, ಗಾಂಧೀಜಿ ಮತ್ತೆ ಬೇಯಿಸದ ಆಹಾರವನ್ನು ಆರಂಭಿಸಿದರು. ಜೂನ್ ತಿಂಗಳ 'ಯಂಗ್ ಇಂಡಿಯಾ'ದಲ್ಲಿ ತಮ್ಮ ದಿನದ ಆಹಾರದ ಪಟ್ಟಿಯನ್ನು ಕೊಟ್ಟರು: ಮೊಳಕೆ ಬಂದ ಗೋಧಿ 8 ತೊಲ, ಅರೆದ ಬಾದಾಮಿ 8 ತೊಲ, ಜಜ್ಜಿದ ಹಸಿರೆಲೆ 8 ತೊಲ, ನಿಂಬೆಹಣ್ಣು 6, ಜೇನುತುಪ್ಪ 2 ಔನ್ಸ್. ವಾರದಲ್ಲಿ ಎರಡು ಮೂರು ಸಲ ಗೋಧಿಯ ಬದಲು ಮೊಳಕೆ ಕಡಲೆ, ಬಾದಾಮಿಯ ಬದಲು ತೆಂಗಿನಕಾಯಿಯ ಹಾಲು.

ಜೇನುತುಪ್ಪವೊಂದನ್ನು ಬಿಟ್ಟರೆ ಇಂದಿನ ವೀಗನ್ನರು ಒಪ್ಪುವಂಥ ಪಟ್ಟಿಯಿದು. ಮೊಳಕೆ ಕಡಲೆ, ತೆಂಗು, ಸೊಪ್ಪು, ನಿಂಬೆ ಎಂದರೆ ನಮ್ಮ ಅಡುಗೆಮನೆಗಳಲ್ಲಿ ಅದು ಕೋಸಂಬರಿಯೇ ಅಲ್ಲವೇ? ಒಂದೇ ವ್ಯತ್ಯಾಸ. ನಮ್ಮ ಹಿರಿಯರು ಕೋಸಂಬರಿಯನ್ನು ಬಾಳೆಲೆಯ ಮೇಲ್ತುದಿಯಲ್ಲಿ ಒಂದು ಹಿಡಿಯಷ್ಟು ಬಡಿಸಿದರು. ಗಾಂಧೀಜಿ ಅದನ್ನು ಎಲೆಯ ಮಧ್ಯಕ್ಕೆ ತಂದು ಅನ್ನದ ಜಾಗದಲ್ಲಿ ಕೂರಿಸಿದರು. ಅವರ ಉದ್ದೇಶ ನಾಲಗೆಯ ಚಪಲವಲ್ಲ. ಸೌದೆ ಉಳಿಯಬೇಕು, ಒಲೆಯ ಮುಂದೆ ಹೆಂಗಸರು ಸವೆಸುವ ಹೊತ್ತು ಉಳಿಯಬೇಕು, ಹಾಲಿನ ಹಂಗು ತಪ್ಪಬೇಕು, ಬಡವನಿಗೂ ನಿಲುಕಬೇಕು ಎಂಬ ಹಂಬಲ ಅದರ ಹಿಂದಿತ್ತು.

ಮೂರು ತಿಂಗಳು ನಡೆಯಿತು. ಆಗಸ್ಟಿನಲ್ಲಿ ಮತ್ತೆ ಆಮಶಂಕೆ. ಪ್ರಯೋಗವನ್ನು ಕೈಬಿಟ್ಟು ಮೇಕೆಯ ಹಾಲಿಗೆ ಮರಳಿದರು; ಆ ಸಂಗತಿಯನ್ನು ತಮ್ಮ ಪತ್ರಿಕೆಯಲ್ಲಿಯೇ ಓದುಗರಿಗೆ ತಿಳಿಸಿದರು.

ಅವರು ಎಲ್ಲಿ ಎಡವಿದರು? ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು ಬರಿಯ ಲೆಕ್ಕ. 8 ತೊಲವೆಂದರೆ ಸುಮಾರು 93 ಗ್ರಾಂ. ಬಾದಾಮಿಯಿಂದ ಸುಮಾರು 540 ಕ್ಯಾಲೊರಿ, ಮೊಳಕೆ ಗೋಧಿಯಿಂದ 190ರಷ್ಟು, ಜೇನಿನಿಂದ 170, ಸೊಪ್ಪು ಮತ್ತು ನಿಂಬೆಯಿಂದ ಅತ್ಯಲ್ಪ. ಎಲ್ಲ ಕೂಡಿದರೆ ದಿನಕ್ಕೆ ಸುಮಾರು 1000 ಕ್ಯಾಲೊರಿ. ದುಡಿಯುವ ಮನುಷ್ಯನಿಗೆ ಬೇಕಾದುದರ ಅರ್ಧವೂ ಇಲ್ಲ. ನನ್ನ ವಿದ್ಯಾರ್ಥಿಯ ಮಗಳ ಬಟ್ಟಲಿನ ಕಥೆ ಇನ್ನೂ ಕಷ್ಟದ್ದು: 300 ಗ್ರಾಂ ಸೌತೆ, ಟೊಮೆಟೊ, ಎಲೆಗಳಲ್ಲಿ ಇರುವುದು 60 ಕ್ಯಾಲೊರಿಯ ಆಸುಪಾಸು. ಒಂದು ಹಿಡಿ, ಅಂದರೆ 30 ಗ್ರಾಂ, ಕಡಲೆಕಾಯಿ ಬೀಜದಲ್ಲಿ ಅದರ ಸುಮಾರು ಮೂರರಷ್ಟಿದೆ. ಹೊಟ್ಟೆ ತುಂಬಿತೆಂಬ ಭ್ರಮೆ ಒಂದು ಗಂಟೆ, ಆಮೇಲೆ ಹಸಿವು. ಅದು ಆಕೆಯ ಮನೋದೌರ್ಬಲ್ಯವಲ್ಲ, ಗಣಿತ.

ಎರಡನೆಯದು ಬೆಂಕಿಯ ಕೆಲಸ. ಬೇಯಿಸುವುದರಿಂದ ಸತ್ತ್ವವೆಲ್ಲ ನಾಶವಾಗುತ್ತದೆ ಎಂಬ ಮಾತು ಅರ್ಧಸತ್ಯ. ಕೆಲವು ಜೀವಸತ್ತ್ವಗಳು ಕಡಿಮೆಯಾಗುವುದು ನಿಜ. ಆದರೆ ಹಸಿ ಕಾಳುಗಳಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಮಾಡುವ ವಸ್ತುಗಳಿವೆ. ನೆನೆಸಿದಾಗ, ಮೊಳಕೆ ಬರಿಸಿದಾಗ ಅವು ತಗ್ಗುತ್ತವೆ, ಬೇಯಿಸಿದಾಗ ಬಹುಪಾಲು ಅಳಿಯುತ್ತವೆ. ಇನ್ನೊಂದು ಅಪಾಯವೂ ಇದೆ. ಬೀಜ ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ರೋಗಾಣುಗಳು ಬೆಳೆಯಲೂ ಹಿತವಾದದ್ದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹಬ್ಬಿದ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅಷ್ಟು ಶುಚಿಯ ದೇಶದಲ್ಲಿಯೇ ಹೀಗಾದರೆ ನಾವು ಎಚ್ಚರವಾಗಿರಬೇಡವೇ? ಹಿಡಿಯಷ್ಟು ನೆನೆದ ಬೇಳೆ ಒಂದು ಮಾತು; ಬಟ್ಟಲು ತುಂಬ ಮೊಳಕೆಯನ್ನು ಹಬೆಯಲ್ಲಿ ಬೇಯಿಸಿಕೊಳ್ಳುವುದೇ ವಿವೇಕ.

ಮೂರನೆಯದು ಆ ಕಾಲದಲ್ಲಿ ಯಾರಿಗೂ ತಿಳಿಯದಿದ್ದ ಸಂಗತಿ. ಹಾಲಿನಲ್ಲಿದ್ದು ಸೊಪ್ಪು ಕಾಳುಗಳಲ್ಲಿ ಇಲ್ಲದ ವಸ್ತು ಯಾವುದು ಎಂಬ ಗಾಂಧೀಜಿಯ ಹುಡುಕಾಟಕ್ಕೆ ಒಂದು ಉತ್ತರ ಬಂದದ್ದು 1948ರಲ್ಲಿ, ಅವರು ಹುತಾತ್ಮರಾದ ವರ್ಷದಲ್ಲಿ. ಆ ವರ್ಷ ಅಮೆರಿಕ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಪ್ರತ್ಯೇಕವಾಗಿ ಬಿ12 ಜೀವಸತ್ತ್ವವನ್ನು ಬೇರ್ಪಡಿಸಿದರು. ಅದನ್ನು ತಯಾರಿಸುವುದು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ, ಸೂಕ್ಷ್ಮಜೀವಿಗಳು. ಅವು ತಯಾರಿಸಿದ್ದು ಹಸು ಮೇಕೆಗಳ ಮೂಲಕ ಹಾಲಿಗೆ ಬರುತ್ತದೆ. ಬೆಳೆದವರಿಗೆ ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಆದರೆ ಅದಿಲ್ಲದೆ ರಕ್ತಹೀನತೆ, ನರಗಳ ತೊಂದರೆ ತಪ್ಪದು. 1944ರ ನವೆಂಬರಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಮಿತ್ರರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿಯನ್ನು ಕಟ್ಟಿದಾಗಲೂ ಇದು ತಿಳಿದಿರಲಿಲ್ಲ. ಇಂದು ಸೂಕ್ಷ್ಮಜೀವಿಗಳಿಂದ ತಯಾರಿಸಿದ ಬಿ12 ಮಾತ್ರೆ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಗಾಂಧೀಜಿಗೆ ಇಲ್ಲದಿದ್ದ ಅನುಕೂಲ ನಮ್ಮ ಮಕ್ಕಳಿಗಿದೆ.

ಸೋತ ಮೇಲೆ ಗಾಂಧೀಜಿ ಏನು ಮಾಡಿದರು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಅವರು ಹಸಿ ಸೊಪ್ಪನ್ನು ದ್ವೇಷಿಸಲಿಲ್ಲ. 1935ರಲ್ಲಿ ವಾರ್ಧಾದಲ್ಲಿದ್ದಾಗ 'ಹರಿಜನ'ದಲ್ಲಿ ಹಸಿರೆಲೆಗಳ ಗುಣವನ್ನು ಕುರಿತು, ನಾವು ಬಿಸಾಡುವ ಮೂಲಂಗಿ, ಗಜ್ಜರಿಗಳ ಸೊಪ್ಪನ್ನೂ ತಿನ್ನಬಹುದೆಂದು ಬರೆದರು. ಅದೇ ವರ್ಷ ಸೋಯಾ ಅವರೆಯ ಪ್ರಯೋಗವನ್ನೂ ಕೈಗೊಂಡರು. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ, ಕುಳಿತು ಕೆಲಸ ಮಾಡುವವನಿಗೆ ದಿನಕ್ಕೆ 2 ಪೌಂಡ್ ಹಸುವಿನ ಹಾಲು, 6 ಔನ್ಸ್ ಧಾನ್ಯ, 8 ಔನ್ಸ್ ಸೊಪ್ಪು ತರಕಾರಿ ಎಂದು ಹೇಳಿ, ಹಸಿ ತರಕಾರಿಗೆ 1 ಔನ್ಸನ್ನು ಮಾತ್ರ ಮೀಸಲಿಟ್ಟರು. 1 ಔನ್ಸ್ ಎಂದರೆ 28 ಗ್ರಾಂ. ನಮ್ಮ ಅಜ್ಜಿ ಬಾಳೆಲೆಯ ತುದಿಯಲ್ಲಿ ಬಡಿಸುತ್ತಿದ್ದ ಕೋಸಂಬರಿಯೂ ಹೆಚ್ಚುಕಡಿಮೆ ಅಷ್ಟೇ. ಐವತ್ತು ವರ್ಷ ಸುತ್ತಿ ಮಹಾತ್ಮರು ಅಜ್ಜಿಯ ಎಲೆಗೇ ಬಂದು ತಲುಪಿದರು.

ಹಾಗಾದರೆ ಕೋಸಂಬರಿ ಊಟವಾಗುವುದೇ ಇಲ್ಲವೇ? ಆಗುತ್ತದೆ, ತರಕಾರಿಯ ಜೊತೆಗೆ ಕಾಳು, ಧಾನ್ಯ, ಎಣ್ಣೆಬೀಜ ಮೂರೂ ಸರಿಯಾದ ತೂಕದಲ್ಲಿ ಸೇರಿದರೆ. ಆ ಮಗುವಿಗೆ ನಾನು ಬರೆದು ಕಳುಹಿಸಿದ ಕ್ರಮ ಇದು. ಬೆಳಿಗ್ಗೆ 60 ಗ್ರಾಂ ಹೆಸರುಕಾಳನ್ನು ನೆನೆಹಾಕಿ, ಸಂಜೆ ಹಬೆಯಲ್ಲಿ ಮೆತ್ತಗೆ ಬೇಯಿಸಬೇಕು. 50 ಗ್ರಾಂ ನವಣೆಯನ್ನು ಉದುರುದುರಾಗಿ ಅನ್ನಮಾಡಿ ಆರಿಸಬೇಕು. ಹುರಿದ ಕಡಲೆಕಾಯಿ ಬೀಜ 30 ಗ್ರಾಂ, ತೆಂಗಿನ ತುರಿ 30 ಗ್ರಾಂ, ಹುರಿದು ಪುಡಿಮಾಡಿದ ಎಳ್ಳು ಒಂದು ಚಮಚ. ಇವುಗಳಿಗೆ ಸೌತೆಕಾಯಿ, ಗಜ್ಜರಿ ತುರಿ, ಕೊತ್ತಂಬರಿ ಸೊಪ್ಪನ್ನು ಬೇಕಾದಷ್ಟು ಬೆರೆಸಿ, ಇಂಗು ಸಾಸಿವೆಯ ಒಗ್ಗರಣೆ ಕೊಡಬೇಕು. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಬೇಕು. ಮೊದಲೇ ಹಾಕಿದರೆ ಸೌತೆ ನೀರುಬಿಟ್ಟು ರುಚಿ ಕೆಡುತ್ತದೆ. ಕೊನೆಗೆ ನಿಂಬೆರಸ. ನಿಂಬೆ ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ತೆಂಗು, ಎಳ್ಳುಗಳ ಜಿಡ್ಡು ಗಜ್ಜರಿಯ ಸತ್ತ್ವ ಮೈಗೆ ಹತ್ತಲು ಬೇಕು. ಸುಮಾರು 700 ಕ್ಯಾಲೊರಿ, 30 ಗ್ರಾಮಿನಷ್ಟು ಪ್ರೋಟೀನ್ – ಒಂದು ಹೊತ್ತಿನ ಪೂರ್ಣ ಊಟ. ಜೊತೆಗೆ ವೈದ್ಯರನ್ನು ಕೇಳಿ ಬಿ12.

ಇದನ್ನು ಕಳುಹಿಸಿ, ತಂದೆಗೂ ಒಂದು ಮಾತು ಹೇಳಿದೆ: "ನಿಮ್ಮ ಮಗಳದು ಹುಚ್ಚಲ್ಲ. ದಯೆಯಿಂದ ಹುಟ್ಟಿದ ವ್ರತಕ್ಕೆ ಬೇಕಾದದ್ದು ಬೈಗುಳವಲ್ಲ, ತಕ್ಕಡಿ. ಕಸ್ತೂರಬಾ ಗಂಡನ ವ್ರತವನ್ನು ಹಳಿಯಲೂ ಇಲ್ಲ, ಅವರನ್ನು ಸಾಯಲು ಬಿಡಲೂ ಇಲ್ಲ; ದಾರಿಯೊಂದನ್ನು ಹುಡುಕಿಕೊಟ್ಟರು."

ಮೊನ್ನೆ ಆಕೆಯೇ ದೂರವಾಣಿ ಮಾಡಿದ್ದಳು. ಎರಡು ವಾರದಿಂದ ಬಿಸ್ಕತ್ತಿನ ಡಬ್ಬಿ ತೆರೆದಿಲ್ಲವಂತೆ. ತಾಯಿಯೂ ಒಂದು ರಾತ್ರಿ ಅದನ್ನೇ ಊಟಮಾಡಿ, ಉಪ್ಪು ಸ್ವಲ್ಪ ಕಡಿಮೆಯಾಯಿತು ಎಂದರಂತೆ. ತಪ್ಪು ಕಂಡುಹಿಡಿದರೆಂದರೆ ಒಪ್ಪಿದರೆಂದೇ ಅರ್ಥ. ಇದನ್ನು ಓದುವ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಒಂದು ದಿನ ಮಾಡಿ ನೋಡಿ. ಸರಿಬಾರದಿದ್ದರೆ ಅದನ್ನೂ ಬರೆದು ತಿಳಿಸಿ. ಸೋಲನ್ನು ಬರೆದಿಡುವುದೂ ಚರಿತ್ರೆಯ ಕೆಲಸವೇ. ಎಲ್ಲರಿಗೂ ಆಯುರಾರೋಗ್ಯ ಭಾಗ್ಯಗಳುಂಟಾಗಲಿ.