ಮನೆಯಲ್ಲಿ ಉಳಿಯುವವರು ಯಾರು?

1940ರ ಸುಮಾರಿಗೆ ಉಡುಪಿಯ ಬಳಿಯ ಹಳ್ಳಿಯೊಂದರಲ್ಲಿ ಶಾಲೆ ಮುಗಿಸಿ ಮುಂದೇನು ಎಂದು ಜಗಲಿಯಲ್ಲಿ ಕೂತ ಹುಡುಗನಿಗೆ ಬೆಂಗಳೂರು ಪರರಾಜ್ಯ. ಅದು ಮೈಸೂರು ಮಹಾರಾಜರ ಸೀಮೆ, ಘಟ್ಟದ ಮೇಲಿನ ಊರು. ಅವನ ಸರಕಾರ ಇದ್ದದ್ದು ಮದ್ರಾಸಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಪಡುವಣ ಅಂಚು; ಅಪೀಲು ಹೋಗುವ ಹೈಕೋರ್ಟೂ ಅಲ್ಲಿಯದೇ, ಡಿಗ್ರಿ ಕೊಡುವ ವಿಶ್ವವಿದ್ಯಾಲಯವೂ ಅಲ್ಲಿಯದೇ. ಅದೇ ಕಡಲ ದಂಡೆಯ ಬಡಗು ಭಾಗವಾದ ಕಾರವಾರದ ಕಡೆಯ ಜಿಲ್ಲೆ 1862ರಲ್ಲೇ ಮದ್ರಾಸಿನಿಂದ ಕಳಚಿಕೊಂಡು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಬೊಂಬಾಯಿಯ ಸ್ಟೀಮರ್ ಹತ್ತಿದ ಕಾರವಾರದವನು ತನ್ನ ರಾಜಧಾನಿಗೇ ಹೊರಟವನು. ಅದೇ ಸ್ಟೀಮರಿನ ಡೆಕ್ಕಿನಲ್ಲಿ ಅವನ ಪಕ್ಕ ಚಾಪೆ ಹಾಸಿ ಮಲಗಿದ ಮಂಗಳೂರಿನವನು ಪ್ರಾಂತ್ಯ ಬಿಟ್ಟು ಹೊರಟವನು. ಆ ಇಬ್ಬರೂ ಮಾತಿಗೆ ಕೂತರೆ ಈ ಗಡಿಯ ಸುದ್ದಿ ಬಂದಿರಲಾರದು.

ಬರುತ್ತಿದ್ದದ್ದು ದಾರಿಯ ಸುದ್ದಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆ ಹಳಿ ಮಲಬಾರಿನ ಮೂಲಕ ಮದ್ರಾಸಿಗೆ ಹೋಗುತ್ತಿತ್ತು. ರೈಲಿನಲ್ಲಿ ಬೊಂಬಾಯಿಗೆ ಹೋಗಬೇಕೆಂದರೆ ಮೊದಲು ಮೂಡಣ ದಿಕ್ಕಿಗೆ ಅರ್ಧ ದೇಶ ದಾಟಿ ಮತ್ತೆ ಪಡುವಣಕ್ಕೆ ತಿರುಗಬೇಕು. ಅದಕ್ಕಿಂತ ಕಡಲೇ ವಾಸಿ. ದೋಣಿಯಲ್ಲಿ ಹೋಗಿ, ದೂರದಲ್ಲಿ ಲಂಗರು ಹಾಕಿದ ಸ್ಟೀಮರ್ ಹತ್ತಿದರೆ ಆಯಿತು. ಮಳೆಗಾಲದಲ್ಲಿ ಮಾತ್ರ ಆ ದಾರಿಯೂ ಬಂದ್. ಹೀಗೆ ಹಳಿ ಹೋದ ಕಡೆ ಒಂದು ಬದುಕು, ಹಡಗು ಹೋದ ಕಡೆ ಇನ್ನೊಂದು ಬದುಕು ಬೆಳೆಯಿತು.

ಹಳಿ ಹಿಡಿದು ಹೋದವರಲ್ಲಿ ಕಡಂದಲೆ ಎಂಬ ಹಳ್ಳಿಯ ಕೆ. ಕೃಷ್ಣರಾಯರು ಒಬ್ಬರು. 1920ರ ದಶಕದಲ್ಲಿ ಮದ್ರಾಸಿಗೆ ಹೋಗಿ, ಅಡುಗೆಮನೆಯ ಚಾಕರಿಯಿಂದ ಶುರುಮಾಡಿ, 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಬಂಗಲೆಗೆ ಇದ್ದ ಹೆಸರೇ ಹೋಟೆಲಿಗೂ ಬಂತು. ಬೊಂಬಾಯಿಗೆ ಹೋದ ಎ. ರಾಮ ನಾಯಕರದೂ ಹೆಚ್ಚುಕಡಿಮೆ ಇದೇ ಕಥೆ. ಅಡುಗೆಮನೆಯ ಹುಡುಗನಾಗಿ ದುಡಿದ ಅವರು 1942ರಲ್ಲಿ ಮಾಟುಂಗ ಸ್ಟೇಷನ್ನಿನ ಎದುರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಥಾಪಿಸಿದರು. ಬಾಳೆಎಲೆ ಹಾಸಿ ಬಡಿಸುವ ಆ ಊಟ ಊರಿನ ಪಂಕ್ತಿಯ ನೆನಪು ತರುತ್ತಿತ್ತು.

ಇಂಥ ಹೆಸರುಗಳು ಎಲ್ಲರ ಬಾಯಲ್ಲಿವೆ. ಆದರೆ ಹೊರಡುವ ತೀರ್ಮಾನ ಆಗುತ್ತಿದ್ದದ್ದು ಹೋಟೆಲಿನಲ್ಲಲ್ಲ, ಊರಿನ ಮನೆಯ ಚಾವಡಿಯಲ್ಲಿ. ಅಲ್ಲಿ ಹುಡುಗನ ಮಾತಿಗೆ ಅಷ್ಟೇನೂ ತೂಕವಿರಲಿಲ್ಲ. ರಜೆಗೆ ಬಂದ ಮಾವ ಹಿಂತಿರುಗುವಾಗ ಅಳಿಯನನ್ನು ಕರೆದುಕೊಂಡು ಹೋಗುತ್ತಿದ್ದ, ಇಲ್ಲವೇ ಪಕ್ಕದ ಮನೆಯ ಅಣ್ಣನ ಜೊತೆ ಕಳಿಸುತ್ತಿದ್ದರು. ಹುಡುಗ ಹೋಗಬೇಕೋ ಬೇಡವೋ ಎಂಬುದಕ್ಕಿಂತ, ಹೋದರೆ ಮನೆಯಲ್ಲಿ ಉಳಿಯುವವರು ಯಾರು ಎಂಬುದನ್ನು ಹಿರಿಯರು ಮೊದಲು ನೋಡುತ್ತಿದ್ದರು.

ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಸಮುದಾಯಗಳಲ್ಲಿದ್ದ ಅಳಿಯಕಟ್ಟು ಈ ಪ್ರಶ್ನೆಗೆ ಒಂದು ಉತ್ತರವನ್ನು ಮೊದಲೇ ಕೊಟ್ಟಿತ್ತು. ಆಸ್ತಿ ತಾಯಿಯ ಸಂತಾನದ್ದು. ಮನೆ, ಗದ್ದೆ, ದೈವದ ಗುಡಿ ಎಲ್ಲವೂ ಕುಟುಂಬಕ್ಕೆ ಸೇರಿದವು. ಯಜಮಾನನ ಕೈಯಲ್ಲಿ ಆಡಳಿತ. ಎಲ್ಲರೂ ಒಪ್ಪದೆ ಪಾಲು ಕೇಳುವಂತಿಲ್ಲ. ಪಾಲು ಕೇಳಲು ಕಾನೂನು ದಾರಿ ಬಿಟ್ಟದ್ದು 1949ರಲ್ಲಿ, ಮದ್ರಾಸಿನ ಅಳಿಯಸಂತಾನ ಕಾಯಿದೆಯಿಂದ. ಅದಕ್ಕೆ ಮೊದಲು ಊರು ಬಿಡುವ ಗಂಡಸಿಗೆ ಮಾರಿ ಹೋಗಲು ತನ್ನದೆಂಬ ತುಂಡು ನೆಲವಿರಲಿಲ್ಲ, ಹೋದರೆ ಕಳೆದುಕೊಳ್ಳುವ ಹಕ್ಕೂ ಇರಲಿಲ್ಲ. ಅಕ್ಕ ತಂಗಿಯರು ಮನೆಯಲ್ಲೇ ಇರುತ್ತಿದ್ದರು. ಹತ್ತು ವರ್ಷ ಬಿಟ್ಟು ಬಂದರೂ ಅವನಿಗೆ ಅಲ್ಲೊಂದು ಚಾಪೆ, ಬಟ್ಟಲು ಗಂಜಿ ಇದ್ದೇ ಇತ್ತು. ಕರಾವಳಿಯ ಗಂಡಸರು ಅಷ್ಟು ದೂರ, ಅಷ್ಟು ಧೈರ್ಯದಿಂದ ಹೋದದ್ದಕ್ಕೆ ಅವರ ಸಾಹಸ ಎಷ್ಟು ಕಾರಣವೋ ಮನೆ ಬಿಡದ ಈ ಹೆಂಗಸರೂ ಅಷ್ಟೇ ಕಾರಣ ಎಂದು ಹೇಳಲೇಬೇಕು.

ಬ್ರಾಹ್ಮಣರ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಆಸ್ತಿ ಗಂಡುಮಕ್ಕಳಿಗೆ. ಒಬ್ಬನಾದರೂ ಪೂಜೆ, ಪೌರೋಹಿತ್ಯ, ಗದ್ದೆ ನೋಡಿಕೊಂಡು ಇರಬೇಕು. ಆ ಒಬ್ಬ ಯಾರು ಎಂಬುದರ ಸುತ್ತ ಎಷ್ಟೋ ಮನೆಗಳು ನೊಂದವು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ನಿಂತದ್ದೇ ಈ ನೋವಿನ ಮೇಲೆ. ಕೋಟದ ಕಡೆಯ ಕಡಲಂಚಿನ ಒಂದು ಮನೆತನದ ಮೂರು ತಲೆಮಾರು, ಹೋಟೆಲಿನ ದುಡ್ಡಿನ ಆಸೆಗೆ ಘಟ್ಟ ಹತ್ತಿದ ನೆಂಟರು, ಓದಲು ಹೊರಗೆ ಹೋಗಿ ಕೊನೆಗೆ ಹಿಂದಿರುಗುವ ರಾಮ. ಆ ಕಾದಂಬರಿಯಲ್ಲಿ ರಾಮ ಮರಳಿ ಬರುವವರೆಗೆ ಮನೆಯನ್ನು ಹಿಡಿದು ನಿಲ್ಲಿಸಿದವರೂ ಹೆಂಗಸರೇ.

ಬೊಂಬಾಯಿಯಲ್ಲಿ ಇಳಿದ ಹುಡುಗನ ಮೊದಲ ಕೆಲಸ ಮೇಜು ಒರೆಸುವುದು, ಕಪ್ಪು ಬಸಿ ತೊಳೆಯುವುದು. ಆಮೇಲೆ ಮಾಣಿ. ನಂಬಿಗಸ್ಥ ಎನಿಸಿಕೊಂಡರೆ ಗಲ್ಲಾ. ರಾತ್ರಿ ಬಾಗಿಲು ಹಾಕಿದ ಮೇಲೆ, ಹಗಲು ಗಿರಾಕಿಗಳು ಊಟ ಮಾಡಿದ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದರು. ಕೆಲವರು ಮಲಗುವ ಮೊದಲು ಪುಸ್ತಕ ಹಿಡಿದು ರಾತ್ರಿ ಶಾಲೆಗೆ ಓಡುತ್ತಿದ್ದರು. ಈ ರಾತ್ರಿ ಶಾಲೆಗಳು ಬೊಂಬಾಯಿ ಕನ್ನಡಿಗರು ಕಟ್ಟಿದ ಅತ್ಯಂತ ಬೆಲೆಬಾಳುವ ವಸ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಎಸೋಸಿಯೇಶನ್ 1932ರಲ್ಲಿ. ಹಗಲೆಲ್ಲ ದುಡಿದ ಹುಡುಗರನ್ನು ರಾತ್ರಿ ಬೆಂಚಿನ ಮೇಲೆ ಕೂರಿಸಿ, ಎಸ್‌ಎಸ್‌ಸಿ ಪಾಸು ಮಾಡಿಸಿ, ಬ್ಯಾಂಕಿಗೋ ವಕೀಲಿಗೋ ಕಳಿಸಿದ ಕೀರ್ತಿ ಇಂಥ ಸಂಘಗಳದು. ಬಿಲ್ಲವರ ಸಂಘದವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ತೆರೆದರು.

ಎಲ್ಲರೂ ಹೊರಡಲಿಲ್ಲ. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಟಿ.ಎಂ.ಎ. ಪೈ ಊರಿಗೆ ಮರಳಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಉಡುಪಿಯಲ್ಲಿ ಅವರು ಕಟ್ಟಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ಬಂತು: ಏಜೆಂಟ್ ದಿನಾ ಬಾಗಿಲಿಗೇ ಬಂದು ಎರಡಾಣೆ ಬರೆದುಕೊಂಡು ಹೋಗುತ್ತಿದ್ದ. 1953ರಲ್ಲಿ ಬೋಳುಗುಡ್ಡದ ಮೇಲೆ ಮಣಿಪಾಲದ ಮೆಡಿಕಲ್ ಕಾಲೇಜು ಎದ್ದಿತು. ಪೈಗಳು ಉಳಿದದ್ದರಿಂದ ಇನ್ನೆಷ್ಟೋ ಮಂದಿ ಉಳಿಯುವಂತಾಯಿತು.

ಹಾಗೆ ಉಳಿದು ಯಾರ ಕಣ್ಣಿಗೂ ಬೀಳದವರು ಬೀಡಿ ಕಟ್ಟಿದ ಹೆಂಗಸರು. ತಡ್ಪೆ ಎಂದು ತುಳುವಿನಲ್ಲಿ ಕರೆಯುವ ಮೊರ ತೊಡೆಯ ಮೇಲೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟ ಎಲೆ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಹುಡಿ, ಕತ್ತರಿ, ನೂಲಿನ ಉಂಡೆ. ಅಳತೆಯ ತಗಡು ಇಟ್ಟು ಎಲೆ ಕತ್ತರಿಸಿ, ಹುಡಿ ಉದುರಿಸಿ, ಬೆರಳ ತುದಿಯಲ್ಲಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುವುದು. ಮಾತಾಡುತ್ತಾ, ಮಗುವಿಗೆ ಗದರಿಸುತ್ತಾ ಕೈ ನಿಲ್ಲುತ್ತಿರಲಿಲ್ಲ. ಸಂಜೆ ಕಟ್ಟುಗಳನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಆರಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ತಳ್ಳಿ, ಉಳಿದದ್ದಕ್ಕೆ ಮಜೂರಿ ಬರೆಯುತ್ತಿದ್ದರು. ಬೊಂಬಾಯಿಯ ಮನಿಯಾರ್ಡರ್ ತಡವಾದ ತಿಂಗಳು ಒಲೆ ಉರಿದದ್ದು ಈ ದುಡ್ಡಿನಿಂದ. ಬೊಂಬಾಯಿಯಲ್ಲಿ ಹೋಟೆಲು ಇಟ್ಟವರ ಬಗ್ಗೆ ಸ್ಮರಣ ಸಂಚಿಕೆಗಳು ಬಂದಿವೆ, ಅವರ ಫೋಟೋಗಳು ಸಭಾಭವನಗಳಲ್ಲಿ ತೂಗುತ್ತಿವೆ. ಬೀಡಿಯ ಪಾಸ್‌ಬುಕ್ಕುಗಳು ಅಟ್ಟದಲ್ಲಿ ಗೆದ್ದಲು ತಿಂದು ಹೋದವು.

1956ರ ನವೆಂಬರ್ 1ರಂದು ವಿಚಿತ್ರವೊಂದು ನಡೆಯಿತು: ಜನ ಕೂತಲ್ಲೇ ಕೂತಿದ್ದರು, ರಾಜ್ಯ ಎದ್ದು ಹೋಯಿತು. ಭಾಷಾವಾರು ವಿಂಗಡಣೆಯಲ್ಲಿ ಮಂಗಳೂರು, ಉಡುಪಿ, ಕಾರವಾರ ಮೂರೂ ಮೈಸೂರು ರಾಜ್ಯಕ್ಕೆ ಬಂದವು. ಪರರಾಜ್ಯವಾಗಿದ್ದ ಬೆಂಗಳೂರು ರಾಜಧಾನಿಯಾಯಿತು. ಬೊಂಬಾಯಿಯಲ್ಲಿದ್ದ ಕಾರವಾರದವರು ಬಾಡಿಗೆಯ ಖೋಲಿ ಬಿಟ್ಟು ಕದಲದೆಯೇ ಹೊರರಾಜ್ಯದವರಾದರು. ಅತ್ಯಂತ ದೊಡ್ಡ ಪೆಟ್ಟು ಬಿದ್ದದ್ದು ಕಾಸರಗೋಡಿಗೆ. ದಕ್ಷಿಣ ಕನ್ನಡದಿಂದ ಆ ತಾಲೂಕನ್ನು ಬೇರ್ಪಡಿಸಿ ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರಿಗೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ವಿಲೀನಕ್ಕಾಗಿ ಜೀವಮಾನವಿಡೀ ದುಡಿದ ಕವಿ ಕಯ್ಯಾರ ಕಿಞ್ಞಣ್ಣ ರೈ ಗಡಿ ದಾಟಿ ಬರಬಹುದಿತ್ತು. ಅವರು ಬರಲಿಲ್ಲ. ಬದಿಯಡ್ಕದ ಹತ್ತಿರ ತಮ್ಮ ಮನೆ, ತೋಟ, ಕನ್ನಡದ ಜೊತೆ ಅಲ್ಲೇ ನಿಂತರು. 2015ರಲ್ಲಿ, ನೂರರ ಪ್ರಾಯದಲ್ಲಿ, ಅಲ್ಲೇ ತೀರಿಕೊಂಡರು. ಉಳಿಯುವುದೂ ಒಂದು ಹೋರಾಟ ಎಂದು ತಿಳಿಯಲು ಅವರಿಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಬೊಂಬಾಯಿಯಲ್ಲೂ ಗಡಿ ಹತ್ತಿರ ಬಂತು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. 1966ರಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಅದರ ಸಿಟ್ಟು ದಕ್ಷಿಣದವರ ಮೇಲಿತ್ತು, ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿದ್ದವು. ಮೇಜಿನ ಮೇಲೆ ಮಲಗಿ ಬೆಳೆದವರು, ನೀನು ಯಾವ ರಾಜ್ಯದವನು ಎಂದು ಮುಖಕ್ಕೆ ಕೇಳಿಸಿಕೊಂಡದ್ದು ಆಗಲೇ. ಆದರೂ ಮರುವರ್ಷವೇ, 1967ರ ಲೋಕಸಭಾ ಚುನಾವಣೆಯಲ್ಲಿ, ದಕ್ಷಿಣ ಬೊಂಬಾಯಿಯ ಮತದಾರರು ಪ್ರಬಲ ಕಾಂಗ್ರೆಸ್ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿ ಜಾರ್ಜ್ ಫರ್ನಾಂಡಿಸ್ ಅವರನ್ನು ಗೆಲ್ಲಿಸಿದರು. 1949ರಲ್ಲಿ ಕೆಲಸ ಹುಡುಕಿ ಬಂದು ಚೌಪಾಟಿಯ ಮರಳಲ್ಲಿ ಮಲಗಿದ್ದ ಮಂಗಳೂರಿನ ಹುಡುಗ ಅವರು.

ಊರಿನಲ್ಲಿ ಉಳಿದವರಿಗೆ ನ್ಯಾಯ ಸಿಕ್ಕ ಒಂದು ಗಳಿಗೆ ಭೂಸುಧಾರಣೆಯದು. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆಯ ಅರ್ಜಿ, ಊರಿನವರ ಮಾತಿನಲ್ಲಿ ಡಿಕ್ಲರೇಶನ್, ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ತನ್ನ ಗೇಣಿ ರುಜುವಾತು ಮಾಡಿದರೆ ಭೂಮಿ ಅವನದು. ಚಾಲಗೇಣಿಗೆ ದುಡಿಯುತ್ತಾ, ವರ್ಷವರ್ಷವೂ ಒಕ್ಕಲೆಬ್ಬಿಸುವ ಹೆದರಿಕೆಯಲ್ಲಿದ್ದ ಮನೆಗಳಿಗೆ ಅಂದಿನಿಂದ ಅಂಗಳ ತಮ್ಮದಾಯಿತು. ಮಂಡಳಿಯ ಎದುರು ಬೇಕಾದದ್ದು ಮಣ್ಣಿನಲ್ಲಿ ನಿಂತ ಮನುಷ್ಯ. ಬೊಂಬಾಯಿಯಲ್ಲಿದ್ದ ಅಣ್ಣಂದಿರ ಪಾಲಿಗೂ ಆ ನೆಲ ಉಳಿದದ್ದು ಊರಲ್ಲೇ ಇದ್ದು ನೇಗಿಲು ಹಿಡಿದ ತಮ್ಮನಿಂದ, ನೇಜಿ ನೆಟ್ಟ ಅಕ್ಕನಿಂದ. ಇತ್ತ ಗೇಣಿ ಕಳೆದುಕೊಂಡ ಧಣಿಗಳ ಮನೆಗಳಿಂದಲೂ ಎಷ್ಟೋ ಮಕ್ಕಳು ಹೋಟೆಲು ಹುಡುಕಿ ಬೊಂಬಾಯಿಗೆ ಹೊರಟರು. ಒಂದೇ ಕಾಯಿದೆ ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ಕಳಿಸಿತು.

ಆಮೇಲೆ ಗಲ್ಫ್ ಬಂತು, ಬೆಂಗಳೂರು ಬೆಳೆಯಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದಾಗ, ಸ್ಟೀಮರ್ ನಿಂತ ಮೇಲೆ ಘಟ್ಟ ಹತ್ತಿಳಿದು ಬಸ್ಸಿನಲ್ಲಿ ನಲುಗುತ್ತಿದ್ದವರಿಗೆ ಕಡಲ ಬದಿಯ ನೇರ ದಾರಿ ಸಿಕ್ಕಿತು. ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ; ಮದುವೆ, ನೇಮ, ಬ್ರಹ್ಮಕಲಶ ಎಲ್ಲ ಆ ಹೊತ್ತಿಗೇ. ಆಮಂತ್ರಣ ಪತ್ರಿಕೆಯಲ್ಲಿ ಊರ ಸಮಿತಿಯ ಹೆಸರಿನ ಕೆಳಗೆ ಮುಂಬೈ ಸಮಿತಿಯ ಹೆಸರು ಇರುತ್ತದೆ.

ಉಡುಪಿ ಜಿಲ್ಲೆಯ ಜನಗಣತಿ ಈ ಕಥೆಯನ್ನು ತನ್ನದೇ ರೀತಿಯಲ್ಲಿ ಬರೆದಿಟ್ಟಿದೆ. 2001ರಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1130 ಹೆಂಗಸರು. ಗಂಡಸರು ಹೊರಟುಹೋದ ಊರಿನ ಅಂಕಿ ಅದು. 2011ರಲ್ಲಿ ಅದು 1094ಕ್ಕೆ ಇಳಿಯಿತು. ಇಡೀ ಕರ್ನಾಟಕದ ಸರಾಸರಿ ಆಗ 973. ಅದಕ್ಕೆ ಹೋಲಿಸಿದರೆ ಉಡುಪಿಯದು ಈಗಲೂ ಬಹಳ ಹೆಚ್ಚು. ಆದರೂ ಹತ್ತು ವರ್ಷದಲ್ಲಿ ಆದ ಈ ಇಳಿತಕ್ಕೆ ಒಂದು ಕಾರಣ ಹಳ್ಳಿಗಳಲ್ಲಿ ಕಣ್ಣಿಗೇ ಕಾಣುತ್ತದೆ. ಹೆಣ್ಣುಮಕ್ಕಳೂ ಓದಿದರು, ಕೆಲಸ ಹಿಡಿದರು, ಹೊರಟರು. ತಾಯಂದಿರು ತಡ್ಪೆಯ ಮುಂದೆ ಕೂತು ದುಡಿದದ್ದೂ ಬಹುಪಾಲು ಇದಕ್ಕಾಗಿಯೇ.

ಈಗ ಚಾವಡಿಯ ಹಳೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ ಹಲವು ಮನೆಗಳಲ್ಲಿಲ್ಲ. ಬೀಗದ ಕೈ ನೆರೆಮನೆಯಲ್ಲಿರುತ್ತದೆ. ಸಂಕ್ರಾಂತಿಯ ದಿನ ಆ ಮನೆಯ ಯಾರಾದರೊಬ್ಬರು ಬಂದು ಬಾಗಿಲು ತೆಗೆದು, ಅಂಗಳದ ತರಗೆಲೆ ಗುಡಿಸಿ, ದೈವದ ಮಂಚದ ಎದುರು ದೀಪ ಹಚ್ಚಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮುಂಬೈಗೆ ಕಳಿಸಿ, ಬೀಗ ಹಾಕಿ ಹೋಗುತ್ತಾರೆ.