ತುಂಗಭದ್ರೆಯ ನೀರಿಗೆ ಲೆಕ್ಕವಿದೆ, ಮೀನಿಗೆ?

ಸಿಂಧನೂರಿನಲ್ಲಿ ಮೀನು ಮಾರುವವರ ಮುಂದೆ ನಿಂತು ನೋಡಿ. ತಕ್ಕಡಿಗೆ ಬೀಳುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಜಿಲೇಬಿ. ಮೊದಲ ಮೂರು ಗಂಗಾ ನದಿಯ ಕಡೆಯ ಮೀನುಗಳು. ನಾವು ಜಿಲೇಬಿ ಎನ್ನುವ ತಿಲಾಪಿಯಾದ ತವರು ಆಫ್ರಿಕಾ. ಅದು ಭಾರತಕ್ಕೆ ಬಂದದ್ದು 1952ರಲ್ಲಿ. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ ಇಟ್ಟುಕೊಂಡ ನಮ್ಮ ಸೀಮೆಯ ಸ್ವಂತ ಮೀನುಗಳು ಎಲ್ಲಿ ಹೋದವು? ಅವನ್ನು ಹಿಡಿದು ಬದುಕುತ್ತಿದ್ದ ಜನ ಏನಾದರು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಇರುವ ಈ ಭಾಗಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಎರಡು ತೊರೆಗಳ ನಡುವಿನ ನಾಡು ಎಂದರ್ಥ. ಸಮುದ್ರ ನಮಗೆ ದೂರ, ಆದರೆ ಹೊಳೆದಂಡೆಯ ಬದುಕು ದೂರವಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಅದೇ ಅಶೋಕ ಉತ್ತರ ಭಾರತದ ತನ್ನ ಸ್ತಂಭಶಾಸನವೊಂದರಲ್ಲಿ, ವರ್ಷದ ಕೆಲವು ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ಬರೆಸಿದ್ದಾನೆ. ಮೀನಿಗೂ ಬಿಡುವು ಬೇಕೆಂಬ ಮಾತು ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಳೆಯದು.

ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ದಾಟಿಸುತ್ತಿದ್ದವರು ಅಂಬಿಗರು. ಅವರ ಸಾಧನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಅದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡನೆಯ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತದೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಫೈಬರ್ ಬಂದಿವೆ. ಆಕಾರ ಮಾತ್ರ ಅದೇ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೂ ಇದೇ ಆಗಿತ್ತು. ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆಯೇ ಅವನ ನೆನಪಿನ ತಾಣವಿದೆ.

ಜನರನ್ನು ದಾಟಿಸುವುದು ಒಂದು ಕೆಲಸವಾದರೆ ಮೀನು ಹಿಡಿಯುವುದು ಇನ್ನೊಂದು. ಮಳೆಗಾಲದ ಮೊದಲ ಕೆಂಪು ನೀರು ಬಂದಾಗ ಹಲವು ಜಾತಿಯ ಮೀನುಗಳು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರಾಗಿ ಮೇಲೇರುತ್ತವೆ, ಹಳ್ಳಗಳಿಗೂ ನುಗ್ಗುತ್ತವೆ. ಯಾವ ಮಡುವಿನಲ್ಲಿ ಯಾವ ಮೀನು, ಯಾವ ನೀರಿಗೆ ಯಾವ ಬಲೆ ಎಂಬುದು ಈ ಜನರ ಬಾಯಲ್ಲೇ ಇದ್ದ ವಿದ್ಯೆ.

1945ರ ಫೆಬ್ರುವರಿ 28ರಂದು ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಎಡದಂಡೆ ಕಾಲುವೆ ನಮ್ಮ ಹೊಲಗಳ ಹಣೆಬರಹ ಬದಲಿಸಿತು. ಅದನ್ನು ಅಲ್ಲಗಳೆಯುವವರು ನಾವಲ್ಲ. ಜೋಳದ ನೆಲದಲ್ಲಿ ಭತ್ತ ಬಂತು, ಅನ್ನ ಬಂತು. ಆದರೆ ಮೀನಿಗೆ ಅದು ದಾರಿಗೆ ಅಡ್ಡ ಕಟ್ಟಿದ ಗೋಡೆ. ಹರಿಯುವ ನೀರು ನಿಂತ ನೀರಾಯಿತು. ಹರಗಿ ಎಂಬ ಮೀನಿನ ಕಥೆಯನ್ನೇ ನೋಡಿ. ನೀರೊಳಗಿನ ಸೊಪ್ಪು ತಿಂದು ಬೆಳೆಯುವ ಈ ದೊಡ್ಡ ಮೀನು ಜಲಾಶಯದ ಮೊದಲ ವರ್ಷಗಳಲ್ಲಿ ಚೆನ್ನಾಗಿಯೇ ಬಲೆಗೆ ಬೀಳುತ್ತಿತ್ತು, ಬರಬರುತ್ತಾ ಅಪರೂಪವಾಯಿತು. ಕೊನೆಗೆ ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಅದನ್ನು ಸಾಕಿ ಮರಿ ಮಾಡಿಸಬೇಕಾಯಿತು.

ಅದೇ ಕಾಲಕ್ಕೆ ಇನ್ನೊಂದು ಬದಲಾವಣೆ ನಡೆಯಿತು. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಆಮೇಲೆ ಮೀನು ಮರಿ ಹೊಳೆಯಿಂದಲೇ ಬರಬೇಕಿರಲಿಲ್ಲ, ಸಾಕಣೆ ಕೇಂದ್ರದಿಂದ ಬರಬಹುದಿತ್ತು. ಕೆರೆ, ಜಲಾಶಯಗಳಿಗೆ ಕಾಟ್ಲಾ, ರೋಹು ಬಂದದ್ದು ಹೀಗೆ.

ತಿನ್ನುವವರೂ ಹೆಚ್ಚಾದರು. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ನೆಲೆಸಿ ಕ್ಯಾಂಪ್‌ಗಳನ್ನು ಕಟ್ಟಿದರು. 1970ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಸರ್ಕಾರ ಜಾಗ ಕೊಟ್ಟಿತು. ಗೋದಾವರಿ, ಗಂಗೆಯ ಮುಖಜಭೂಮಿಗಳಲ್ಲಿ ಅನ್ನ ಮೀನು ಉಂಡು ಬೆಳೆದವರು ಇವರು. ನಾವು ಸಮುದ್ರಕ್ಕೆ ಹೋಗಲಿಲ್ಲ, ಸಮುದ್ರದ ದಂಡೆಯವರೇ ನಮ್ಮೂರಿಗೆ ಬಂದರು.

ಮೀನು ವ್ಯಾಪಾರ ಬೆಳೆಯಿತು, ಸರಿ. ಹೊಳೆದಂಡೆಯ ಅಂಬಿಗ, ಬೆಸ್ತ, ಕಬ್ಬಲಿಗರ ಪಾಲು ಬೆಳೆಯಿತೇ? ಸೇತುವೆ ಬಂದು ದಾಟಿಸುವ ಕೆಲಸ ಹೋಯಿತು. ಜಲಾಶಯ, ಕೆರೆಗಳಲ್ಲಿ ಮೀನು ಹಿಡಿಯಲು ಪರವಾನಗಿ, ಗುತ್ತಿಗೆ, ಹರಾಜು ಬಂದವು. ಒಳನಾಡು ಮೀನುಗಾರಿಕೆಗೆಂದೇ 1996ರ ರಾಜ್ಯ ಕಾಯ್ದೆಯಿದೆ. ಮೀನುಗಾರರ ಸಹಕಾರ ಸಂಘಗಳೂ ಇವೆ. ನಿಯಮ ಬೇಕೇ ಬೇಕು. ಆದರೆ ಮೊದಲು ಹೊಳೆಯ ಗುಣ ಬಲ್ಲವನಿಗೆ ಮೀನು ಸಿಗುತ್ತಿತ್ತು. ಹರಾಜಿನಲ್ಲಿ ಕೈಯಲ್ಲಿ ದುಡ್ಡಿದ್ದವನದೇ ಮೇಲುಗೈ. ಬಲೆ ಬೀಸಲು ಬಲ್ಲವನು ಗುತ್ತಿಗೆದಾರನ ಕೈಕೆಳಗೆ ಕೂಲಿಯವನಾಗುತ್ತಾನೆ.

ಹೊಳೆ ಪೂರ್ತಿ ಬರಿದಾಗಿಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿ ಬದುಕುವುದು ಮೀನು ತಿಂದು. ಅದು ಇದೆ ಎಂದರೆ ಹೊಳೆಯಲ್ಲಿ ಇನ್ನೂ ಜೀವವಿದೆ ಎಂದರ್ಥ. ಆದರೆ ಆ ಗಡಿ ಕಂಪ್ಲಿಗೆ ಮುಗಿಯುತ್ತದೆ. ಅದರ ಕೆಳಗೆ ಸಿಂಧನೂರು ಸೀಮೆಯ ದಂಡೆಗೆ, ಗದ್ದೆಗಳ ಔಷಧಿ ಬೆರೆತ ನೀರು ಹಳ್ಳಗಳಿಂದ ಬಂದು ಸೇರುವ ಕಡೆಗೆ, ಅಂಥ ಕಾವಲಿಲ್ಲ.

ಅಣೆಕಟ್ಟೆಯಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ ಎಂದು ನಮ್ಮ ಹಳ್ಳಿಯ ಹುಡುಗರೂ ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಹರಿದುಹೋದ ನೀರಿನ ಲೆಕ್ಕವನ್ನು ನಾವೆಲ್ಲ ದಿನವೂ ಕೇಳಿದೆವು. ಹೊಳೆಯಲ್ಲಿ ಎಷ್ಟು ಜಾತಿಯ ಮೀನು ಉಳಿದಿವೆ, ಎಷ್ಟು ಮನೆಗಳು ಅದರಿಂದ ಬದುಕುತ್ತಿವೆ ಎಂದು ಯಾರೂ ಕೇಳಲಿಲ್ಲ. ಲಿಂಗಸುಗೂರು ಕಡೆ ಕೃಷ್ಣೆ ಉಕ್ಕಿ ನಡುಗಡ್ಡೆಗಳ ದಾರಿ ಮುಚ್ಚಿದಾಗ ಹರಿಗೋಲಿನವರ ನೆನಪಾಗುತ್ತದೆ. ನೀರು ಇಳಿದ ಮೇಲೆ ಮರೆತುಹೋಗುತ್ತದೆ.

ನಿಮ್ಮೂರು ಹೊಳೆದಂಡೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಹರಿಗೋಲು ಹಾಕಿದ ಹಿರಿಯರು ಇನ್ನೂ ಇರುವಾಗಲೇ ಅವರ ಬಳಿ ಕೂತು, ಅವರಿಗೆ ಗೊತ್ತಿರುವ ಮೀನುಗಳ ಹೆಸರು, ಮಡುವಿನ ಹೆಸರು, ದಾಟಿಸುತ್ತಿದ್ದ ಕಡವಿನ ಹೆಸರು ಕೇಳಿ ಬರೆದಿಡಿ. ಫೋನಿನಲ್ಲಿ ಧ್ವನಿ ಮುದ್ರಿಸಿದರೂ ಸಾಕು. ನಾಳೆ ಹೊಳೆಯ ಬಗ್ಗೆ, ಅದರ ಗುತ್ತಿಗೆಯ ಬಗ್ಗೆ ಯಾವುದೇ ಸಭೆ ನಡೆದಾಗ ನಮ್ಮ ಕೈಯಲ್ಲೂ ಒಂದು ಲೆಕ್ಕ ಇರಬೇಕು.